ತಿಂಗಳಿಗೊಂದು ಉಪನ್ಯಾಸ: ಶುರು ಮಾಡುವುದು ಹೇಗೆ, ನಿಲ್ಲದಂತೆ ನಡೆಸುವುದು ಹೇಗೆ

ಒಂದೇ ಪ್ರಶ್ನೆ ಬೇರೆ ಬೇರೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. "ನಾವು ನಾಲ್ಕೈದು ಜನ ಆಸಕ್ತರಿದ್ದೇವೆ. ನಿಸರ್ಗ, ಸಂಗೀತ, ಇತಿಹಾಸ, ಫೋಟೋಗ್ರಫಿ, ಜಾತ್ಯತೀತತೆ, ಹೀಗೆ ತಿಂಗಳಿಗೊಂದು ವಿಷಯದ ಮೇಲೆ ಎಲ್ಲರಿಗೂ ತೆರೆದ ಉಪನ್ಯಾಸ ಇಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋದು?" ಇನ್ನು ಕೆಲವರದು ಅದರ ಮುಂದಿನ ಪ್ರಶ್ನೆ. "ಶುರು ಮಾಡಿದ್ದೆವು. ಮೊದಲ ಸಲ ಹಾಲ್ ತುಂಬಿತ್ತು. ನಾಲ್ಕನೇ ಸಲಕ್ಕೆ ಹನ್ನೆರಡು ಜನ. ಎಲ್ಲಿ ತಪ್ಪಿತು?"

ಎರಡಕ್ಕೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಮಾಲೆಗಳ ಹಿಂದೆ ಕುರ್ಚಿ ಜೋಡಿಸುವುದರಿಂದ ಹಿಡಿದು ನಿರೂಪಣೆ ತನಕ ಎಲ್ಲ ಕೆಲಸ ಮಾಡಿದ್ದೇನೆ. ನಿಂತುಹೋದ ಮಾಲೆಗಳಲ್ಲಿ ನಾನು ಕಂಡ ಕಾರಣ ಹೆಚ್ಚಾಗಿ ಒಂದೇ. ಸಂಘಟಕರು ವಿಷಯ ಆರಿಸಿಕೊಂಡಿದ್ದರು, ಪ್ರಶ್ನೆ ಆರಿಸಿಕೊಂಡಿರಲಿಲ್ಲ. ಇದನ್ನು ಎರಡನೇ ಹಂತದಲ್ಲಿ ಬಿಡಿಸಿ ಹೇಳುತ್ತೇನೆ. ಉಳಿದ ಹಂತಗಳೆಲ್ಲ ಅದರ ಸುತ್ತಲೇ ಸುತ್ತುತ್ತವೆ.

1. ಮೂರು ಜನ, ಒಂದು ದಿನ, ಒಂದು ನೋಟ್‌ಬುಕ್

ದೊಡ್ಡ ಸಮಿತಿ ಬೇಡ. ಮೂರು ಜನ ಸಾಕು, ಆದರೆ ಕೆಲಸ ಹಂಚಿಕೊಂಡಿರಬೇಕು. ಒಬ್ಬರು ಭಾಷಣಕಾರರ ಜೊತೆ ಮಾತಾಡುವವರು. ಇನ್ನೊಬ್ಬರು ಜಾಗ, ಮೈಕ್, ಪ್ರೊಜೆಕ್ಟರ್ ನೋಡಿಕೊಳ್ಳುವವರು. ಮತ್ತೊಬ್ಬರು ಪ್ರಕಟಣೆ ಕಳಿಸುವವರು, ನಡೆದದ್ದನ್ನು ಬರೆದಿಡುವವರು. ಎಲ್ಲವನ್ನೂ ಒಬ್ಬರೇ ಹೊತ್ತರೆ ಆರು ತಿಂಗಳಲ್ಲಿ ಅವರಿಗೆ ಸುಸ್ತಾಗುತ್ತದೆ, ಮಾಲೆ ಅವರ ಜೊತೆಯಲ್ಲೇ ನಿಲ್ಲುತ್ತದೆ.

ದಿನವನ್ನು ಮೊದಲೇ ಗಟ್ಟಿ ಮಾಡಿ. "ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ" ಎಂದರೆ ಅದೇ. ಹೆಸರಾಂತ ಒಬ್ಬರು "ನನಗೆ ಆ ವಾರ ಆಗೋದಿಲ್ಲ, ಮುಂದಿನ ಮಂಗಳವಾರ ಬರ್ತೀನಿ" ಅಂದಾಗ ದಿನ ಬದಲಿಸುವ ಆಸೆ ಆಗುತ್ತದೆ. ಬದಲಿಸಬೇಡಿ. ಅವರನ್ನು ಇನ್ನೊಂದು ತಿಂಗಳ ಎರಡನೇ ಶನಿವಾರಕ್ಕೆ ಕರೆಯಿರಿ. ಜನ ನಿಮ್ಮ ಪ್ರಕಟಣೆ ನೋಡದೆಯೂ ಬರುವಂತಾಗುವುದು ದಿನ ರೂಢಿಯಾದಾಗ ಮಾತ್ರ.

ಮೊದಲ ಪ್ರಕಟಣೆಗೆ ಮೊದಲೇ ಕನಿಷ್ಠ ಆರು ತಿಂಗಳ ಪಟ್ಟಿ ಕೈಯಲ್ಲಿರಲಿ. ಕಾರಣ ಇದೆ. ಒಂದೊಂದಾಗಿ ಹುಡುಕುತ್ತಾ ಹೋದರೆ ಸುಲಭಕ್ಕೆ ಸಿಗುವ ವಿಷಯವೇ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯವಾಗಿ ಫೋಟೋ ತೋರಿಸುವವರು ಬೇಗ ಸಿಗುತ್ತಾರೆ, ಜಾತ್ಯತೀತತೆಯ ಬಗ್ಗೆ ಮಾತಾಡುವವರು ತಡವಾಗಿ ಸಿಗುತ್ತಾರೆ. ಪಟ್ಟಿ ಒಟ್ಟಿಗೆ ಹಾಕಿದರೆ ಈ ಅಸಮತೋಲ ಮೊದಲೇ ಕಣ್ಣಿಗೆ ಬೀಳುತ್ತದೆ.

ನೋಟ್‌ಬುಕ್ ಯಾಕೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

2. ವಿಷಯವನ್ನು ಪ್ರಶ್ನೆಯಾಗಿ ಮಾಡಿ

"ಹಕ್ಕಿಗಳ ಅದ್ಭುತ ಲೋಕ." "ಸಂಗೀತದ ಮಹತ್ವ." "ಇತಿಹಾಸದ ಪುಟಗಳಿಂದ." ಇಂಥ ಶೀರ್ಷಿಕೆ ನೋಡಿದ ಕೂಡಲೇ ಒಳಗೆ ಏನಿರುತ್ತದೆ ಅಂತ ಗೊತ್ತಾಗುವುದಿಲ್ಲ. ಕೇಳುಗರಿಗೂ ಗೊತ್ತಾಗುವುದಿಲ್ಲ, ಭಾಷಣಕಾರರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಅವರು ಸೃಷ್ಟಿಯ ಆರಂಭದಿಂದ ಶುರು ಮಾಡುತ್ತಾರೆ. ಹೇಳಬೇಕಾದ ಜಾಗಕ್ಕೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಅದೇ ವಿಷಯಗಳನ್ನು ಹೀಗೆ ಕೇಳಿ ನೋಡಿ. ಹಕ್ಕಿಗಳು ಬೆಳಗಿನ ಜಾವವೇ ಜಾಸ್ತಿ ಕೂಗುವುದು ಏಕೆ? ಕರ್ನಾಟಕ ಸಂಗೀತದ ಮೋಹನ ರಾಗಕ್ಕೂ ಹಿಂದೂಸ್ತಾನಿಯ ಭೂಪ್ ರಾಗಕ್ಕೂ ಸ್ವರ ಒಂದೇ ಆದರೂ ಕೇಳಲು ಬೇರೆ ಅನ್ನಿಸುವುದು ಹೇಗೆ? ಶಾಸನಗಳಲ್ಲಿ 'ಪಿಯದಸಿ' ಎಂದು ಬರುವ ರಾಜನೇ ಅಶೋಕ ಅಂತ ಖಾತ್ರಿಯಾದದ್ದು ಹೇಗೆ? ಮೊದಮೊದಲ ಫೋಟೋಗಳಲ್ಲಿ ಬೀದಿಗಳು ಖಾಲಿ ಕಾಣುವುದು ಏಕೆ? ಶಾಲೆಯಲ್ಲಿ ಪ್ರಾರ್ಥನೆ ಇರಬೇಕೇ ಎಂಬುದನ್ನು ಬೇರೆ ಬೇರೆ ದೇಶಗಳು ಹೇಗೆ ತೀರ್ಮಾನಿಸಿವೆ?

ಈಗ ಒಳಗೆ ಹೋಗಿ ಕೂರಬೇಕು ಅನ್ನಿಸುತ್ತದೆ ಅಲ್ವಾ? ಭಾಷಣಕಾರರಿಗೂ ಯಾವುದನ್ನು ಬಿಡಬೇಕು ಅಂತ ತಿಳಿಯುತ್ತದೆ. ಅದು ದೊಡ್ಡ ಉಪಕಾರ.

ಪ್ರಶ್ನೆ ಸರಿಯಾಗಿದೆಯೇ ಎಂದು ನೋಡಲು ನಾನು ಎರಡು ಪರೀಕ್ಷೆ ಮಾಡುತ್ತೇನೆ. ಒಂದು, ಹತ್ತು ವರ್ಷದ ಮಗುವಿಗೆ ಹೇಳಿದರೆ "ಹೌದಲ್ಲ, ಯಾಕೆ?" ಅನ್ನಬೇಕು. ಎರಡು, ಅದಕ್ಕೆ ಉತ್ತರ ಕೊಡುವಾಗ ಏನಾದರೂ ಒಂದನ್ನು ತೋರಿಸಲು ಅಥವಾ ಕೇಳಿಸಲು ಸಾಧ್ಯವಿರಬೇಕು.

ಇದರ ದೊಡ್ಡ ಉದಾಹರಣೆ ಮೈಕೆಲ್ ಫ್ಯಾರಡೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1820ರ ದಶಕದಿಂದ ಜನಸಾಮಾನ್ಯರಿಗಾಗಿ ವಿಜ್ಞಾನ ಉಪನ್ಯಾಸಗಳು ನಡೆಯುತ್ತಾ ಬಂದಿವೆ. ಅಲ್ಲಿ 1860ರ ಕೊನೆಗೆ ಶುರುವಾದ ಒಂದು ಮಾಲೆಯಲ್ಲಿ ಫ್ಯಾರಡೆ ಮಕ್ಕಳ ಮುಂದೆ ಇಟ್ಟದ್ದು ಒಂದು ಮೇಣದಬತ್ತಿ. ಅದು ಹೇಗೆ ಉರಿಯುತ್ತದೆ ಎಂಬ ಒಂದೇ ಪ್ರಶ್ನೆಯ ಸುತ್ತ ಆರು ಉಪನ್ಯಾಸ. ಕರಗಿದ ಮೇಣ ಬತ್ತಿಯಲ್ಲಿ ಮೇಲೇರುವುದರಿಂದ ಶುರುವಾಗಿ, ಗಾಳಿ, ನೀರು, ಕೊನೆಗೆ ನಮ್ಮ ಉಸಿರಾಟದ ತನಕ ಆ ಮಾತು ಹೋಯಿತು. ವಸ್ತು ಚಿಕ್ಕದಿದ್ದಷ್ಟೂ ಕೇಳುಗರು ಕೈಬಿಡದೆ ಜೊತೆಗೆ ಬರುತ್ತಾರೆ.

3. ಭಾಷಣಕಾರರನ್ನು ಹುಡುಕುವುದು, ಒಪ್ಪಿಸುವುದು

ಪದವಿ ನೋಡಿ ಹೋಗುವುದಕ್ಕಿಂತ, ಆ ಕೆಲಸವನ್ನು ವರ್ಷಗಟ್ಟಲೆ ಮಾಡಿದವರು ಯಾರು ಎಂದು ನೋಡಿ. ದಿನಾ ಬೆಳಗ್ಗೆ ಒಂದೇ ಕೆರೆಯ ದಂಡೆಯಲ್ಲಿ ನಿಂತು ಹಕ್ಕಿಗಳ ಪಟ್ಟಿ ಬರೆಯುವ ನಿವೃತ್ತರು, ವಾದ್ಯ ರಿಪೇರಿ ಮಾಡುವವರು, ಹಳೆಯ ದಾಖಲೆ ಓದಬಲ್ಲ ಗ್ರಂಥಪಾಲಕರು. ಇಂಥವರಿಗೆ ವೇದಿಕೆ ಅಭ್ಯಾಸ ಇರುವುದಿಲ್ಲ, ಆದರೆ ಹೇಳಲು ಮಾತ್ರ ಬೇಕಾದಷ್ಟಿರುತ್ತದೆ. ವೇದಿಕೆಯ ಭಯ ಇದ್ದರೆ ನೀವೇ ಎದುರು ಕೂತು ಪ್ರಶ್ನೆ ಕೇಳುವ ಸಂವಾದದ ರೂಪ ಕೊಡಿ.

ಫೋನಿನಲ್ಲಿ ಒಪ್ಪಿಕೊಂಡ ಮೇಲೆ ಬರಹದಲ್ಲಿ ಒಂದು ಪತ್ರ ಕಳಿಸಿ. ಅದರಲ್ಲಿ ಇಷ್ಟು ಇರಲೇಬೇಕು:

- ಯಾವ ಪ್ರಶ್ನೆಯ ಮೇಲೆ ಮಾತು
- ಮಾತಿಗೆ 45 ನಿಮಿಷ, ಪ್ರಶ್ನೋತ್ತರಕ್ಕೆ 25 ನಿಮಿಷ
- ಕೇಳುವವರು ಯಾರು, ಸುಮಾರು ಎಷ್ಟು ಜನ, ಮಕ್ಕಳು ಇರುತ್ತಾರೆಯೇ
- ಪರದೆ, ಮೈಕ್, ಧ್ವನಿ ವ್ಯವಸ್ಥೆ ಏನಿದೆ, ಏನಿಲ್ಲ
- ಗೌರವಧನ ಮತ್ತು ಪ್ರಯಾಣದ ಖರ್ಚು ಇದೆಯೇ, ಇಲ್ಲವೇ
- ರೆಕಾರ್ಡಿಂಗ್ ಮಾಡುತ್ತೀರಾ, ಎಲ್ಲಿ ಹಾಕುತ್ತೀರಾ

ಗೌರವಧನದ ಮಾತು ಆಡಲು ಸಂಕೋಚ ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಇಲ್ಲ ಎಂದಾದರೆ ಇಲ್ಲ ಎಂದು ಮೊದಲೇ ಹೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಕೊನೆಯ ಗಳಿಗೆಯಲ್ಲಿ ಗೊತ್ತಾದರೆ ಮಾತ್ರ ಬೇಸರ.

ಎರಡು ವಾರ ಮುಂಚೆ ಇನ್ನೊಮ್ಮೆ ಮಾತಾಡಿ. "ತಯಾರಿ ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಅನ್ನುತ್ತಾರೆ, ಅಷ್ಟೇ. "ಮೊದಲ ಐದು ನಿಮಿಷ ಏನು ಹೇಳುತ್ತೀರಿ?" ಎಂದು ಕೇಳಿ. ಆಗ ಮಾತು ಎಲ್ಲಿಂದ ಶುರುವಾಗುತ್ತದೆ ಅಂತ ನಿಮಗೂ ತಿಳಿಯುತ್ತದೆ, ಅವರಿಗೂ ತಿಳಿಯುತ್ತದೆ.

4. ಐದು ವಿಷಯ, ಐದು ಬಗೆಯ ಎಚ್ಚರ

ಎಲ್ಲ ಉಪನ್ಯಾಸಕ್ಕೂ ಒಂದೇ ಅಚ್ಚು ಹೊಂದುವುದಿಲ್ಲ.

*ನಿಸರ್ಗ.* ಋತು ನೋಡಿ ತಿಂಗಳು ಆರಿಸಿ. ಕಪ್ಪೆಗಳ ಬಗ್ಗೆ ಮಳೆ ಶುರುವಾಗುವ ಹೊತ್ತಿಗೆ, ವಲಸೆ ಹಕ್ಕಿಗಳ ಬಗ್ಗೆ ಅವು ಬಂದಿಳಿಯುವ ಹೊತ್ತಿಗೆ. ಕೇಳಿದ್ದನ್ನು ಮರುದಿನ ಬೆಳಗ್ಗೆಯೇ ಹೊರಗೆ ನೋಡಲು ಸಿಗಬೇಕು. ಸಾಧ್ಯವಾದರೆ ಭಾನುವಾರ ಬೆಳಗ್ಗೆ ಒಂದು ಗಂಟೆಯ ನಡಿಗೆ ಸೇರಿಸಿ. ಹತ್ತು ಹದಿನೈದು ಜನಕ್ಕಿಂತ ಜಾಸ್ತಿ ಬೇಡ. ಹಿಂದೆ ಇರುವವರಿಗೆ ಏನೂ ಕಾಣುವುದಿಲ್ಲ, ಪ್ರಾಣಿ ಪಕ್ಷಿಗಳಿಗೂ ಗಾಬರಿ.

ಹಕ್ಕಿಗಳು ಬೆಳಗಿನ ಜಾವ ಕೂಗುವ ಪ್ರಶ್ನೆಯಂಥದ್ದನ್ನು ಕೊಡುವಾಗ ಭಾಷಣಕಾರರಿಗೆ ಒಂದು ಮಾತು ಹೇಳಿ. ಇದಕ್ಕೆ ವಿಜ್ಞಾನಿಗಳು ಒಂದಕ್ಕಿಂತ ಹೆಚ್ಚು ವಿವರಣೆ ಕೊಡುತ್ತಾರೆ. ಮಬ್ಬು ಬೆಳಕಿನಲ್ಲಿ ಆಹಾರ ಹುಡುಕುವುದು ಕಷ್ಟ, ಹಾಗಾಗಿ ಆ ಹೊತ್ತು ಹಾಡಿಗೆ. ಗಾಳಿಯ ಅಲುಗಾಟ ಕಡಿಮೆ, ಹಾಗಾಗಿ ದನಿ ಸ್ಪಷ್ಟವಾಗಿ ಹೋಗುತ್ತದೆ. ರಾತ್ರಿ ಕಳೆದ ಮೇಲೆ ತನ್ನ ಜಾಗ ಇನ್ನೂ ತನ್ನದೇ ಎಂದು ಸಾರಬೇಕು. ಎಲ್ಲವನ್ನೂ ಕೇಳುಗರ ಮುಂದೆ ಇಡಲಿ. "ಇದೇ ಉತ್ತರ" ಎಂದು ಒಂದನ್ನೇ ಹೇಳಿ ಮುಗಿಸುವುದು ಬೇಡ.

ಎರಡು ಕಟ್ಟುನಿಟ್ಟಿನ ಎಚ್ಚರಿಕೆ. ಗೂಡು, ಗುಹೆ, ಅಪರೂಪದ ಗಿಡ ಇರುವ ನಿಖರ ಜಾಗವನ್ನು ವೇದಿಕೆಯಿಂದ ಹೇಳಬಾರದು. ಫೋಟೋ ಹಂಚುವ ಮುಂಚೆ ಅದರೊಳಗಿನ ಎಕ್ಸಿಫ್ ಮಾಹಿತಿ ಅಳಿಸಿ. ಎಕ್ಸಿಫ್ ಅಂದರೆ ಕ್ಯಾಮೆರಾ ತಾನೇ ಫೈಲಿನೊಳಗೆ ಬರೆದಿಡುವ ವಿವರ: ದಿನಾಂಕ, ಶಟರ್ ವೇಗ, ಮೊಬೈಲ್ ಆದರೆ ಎಷ್ಟೋ ಸಲ ಸ್ಥಳ ಕೂಡ. ಇನ್ನೊಂದು, ನಡಿಗೆಯಲ್ಲಿ ರೆಕಾರ್ಡ್ ಮಾಡಿದ ಕೂಗು ಹಾಕಿ ಹಕ್ಕಿಯನ್ನು ಕರೆಯಬೇಡಿ. ಎದುರಾಳಿ ಬಂದಿದೆ ಅಂದುಕೊಂಡು ಅದು ಗೂಡು ಬಿಟ್ಟು ಬರುತ್ತದೆ. ನಮಗೆ ಎರಡು ನಿಮಿಷದ ಖುಷಿ, ಮರಿಗಳಿಗೆ ಅಪಾಯ.

*ಸಂಗೀತ.* ಇಲ್ಲಿ ದೊಡ್ಡ ತಪ್ಪು ಅಂದರೆ ಮಾತು ಜಾಸ್ತಿ, ದನಿ ಕಡಿಮೆ. ಮಾತಿಗಿಂತ ಮೊದಲು ಕೇಳಿಸಲಿ. ಮೋಹನ ಮತ್ತು ಭೂಪ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಎರಡರಲ್ಲೂ ಸ ರಿ ಗ ಪ ದ, ಐದೇ ಸ್ವರ. ಮೊದಲು ಒಬ್ಬರು ಬರೀ ಸ್ವರಗಳನ್ನು ಏರಿಸಿ ಇಳಿಸಲಿ. ಆಮೇಲೆ ಕರ್ನಾಟಕ ಪದ್ಧತಿಯಲ್ಲಿ ಅದೇ ಸ್ವರಗಳಿಗೆ ಗಮಕ ಸೇರಿಸಿ ಹಾಡಲಿ. ಗಮಕ ಅಂದರೆ ಸ್ವರವನ್ನು ತೂಗಿಸುವುದು, ಅಲುಗಿಸುವುದು. ನಂತರ ಹಿಂದೂಸ್ತಾನಿಯಲ್ಲಿ ನಿಧಾನಕ್ಕೆ ಒಂದೊಂದೇ ಸ್ವರದ ಮೇಲೆ ನಿಂತು ಬೆಳೆಸಲಿ. ಮೂರು ಸಲ ಕೇಳಿದ ಮೇಲೆ ವಿವರಣೆ ಕೊಟ್ಟರೆ, ಸಂಗೀತ ಕಲಿಯದವರ ಮುಖದಲ್ಲೂ "ಓಹ್" ಕಾಣುತ್ತದೆ. ಹಿಂದೋಳ ಮತ್ತು ಮಾಲ್‌ಕೌಂಸ್ ಜೋಡಿಯಿಂದಲೂ ಇದನ್ನೇ ಮಾಡಬಹುದು.

ರೆಕಾರ್ಡಿಂಗ್ ಹಾಕುವುದಾದರೆ ಹಕ್ಕುಸ್ವಾಮ್ಯ ಗಮನಿಸಿ. ಹಾಡನ್ನು ಸಾರ್ವಜನಿಕವಾಗಿ ಹಾಕಲು ಬಹಳ ಕಡೆ ಅನುಮತಿ ಬೇಕು. ಉಪನ್ಯಾಸದ ವಿಡಿಯೋದಲ್ಲಿ ಅದು ಸೇರಿಕೊಂಡರೆ ವಿಡಿಯೋ ತಾಣಗಳು ತಾವಾಗಿಯೇ ತಡೆಯುವುದುಂಟು. ಎದುರಲ್ಲೇ ಹಾಡುವವರು, ನುಡಿಸುವವರು ಇದ್ದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

*ಜಾತ್ಯತೀತತೆ.* ಇದನ್ನು ಪಟ್ಟಿಯಿಂದ ಬಿಡುವವರೇ ಜಾಸ್ತಿ. "ಜಗಳ ಆಗುತ್ತೆ, ಯಾಕೆ ಸುಮ್ನೆ?" ಅನ್ನುತ್ತಾರೆ. ನನ್ನ ಮನವಿ, ಬಿಡಬೇಡಿ. ನೆರೆಹೊರೆಯವರು ಒಂದೇ ಕೋಣೆಯಲ್ಲಿ ಕೂತು ಶಾಂತವಾಗಿ ಈ ಮಾತು ಆಡುವ ಜಾಗಗಳು ತುಂಬಾ ಕಡಿಮೆ. ತಯಾರಿ ಮಾತ್ರ ಬೇರೆಲ್ಲ ವಿಷಯಕ್ಕಿಂತ ಎರಡು ಪಟ್ಟು ಬೇಕು.

ಮೊದಲ ಹತ್ತು ನಿಮಿಷ ಪದಕ್ಕೇ ಮೀಸಲಿಡಿ. ಸೆಕ್ಯುಲರಿಸಂ ಎಂಬ ಪದವನ್ನು ಚಾಲ್ತಿಗೆ ತಂದವರು ಇಂಗ್ಲೆಂಡಿನ ಜಾರ್ಜ್ ಜೇಕಬ್ ಹೋಲಿಯೋಕ್, 1851ರಲ್ಲಿ. ಕನ್ನಡದಲ್ಲಿ ಇದಕ್ಕೆ ಜಾತ್ಯತೀತತೆ, ಧರ್ಮನಿರಪೇಕ್ಷತೆ, ಸರ್ವಧರ್ಮ ಸಮಭಾವ ಎಂದೆಲ್ಲ ಹೇಳುತ್ತೇವೆ. ಮೂರರ ಅರ್ಥ ಒಂದೇ ಅಲ್ಲ. ಮೊದಲನೆಯದು ಜಾತಿ ಮತಗಳನ್ನು ಮೀರುವುದರ ಬಗ್ಗೆ ಹೇಳುತ್ತದೆ. ಎರಡನೆಯದು ಧರ್ಮದ ಹಂಗಿಲ್ಲದೆ ಇರುವುದರ ಬಗ್ಗೆ. ಮೂರನೆಯದು ಎಲ್ಲ ಧರ್ಮಗಳನ್ನೂ ಸಮನಾಗಿ ಕಾಣುವುದರ ಬಗ್ಗೆ. ಸಭೆಯಲ್ಲಿ ಇಬ್ಬರು ವಾದಕ್ಕೆ ಬಿದ್ದಾಗ ಗಮನಿಸಿ. ಎಷ್ಟೋ ಸಲ ಒಬ್ಬರು ಎರಡನೇ ಅರ್ಥದಲ್ಲಿ, ಇನ್ನೊಬ್ಬರು ಮೂರನೇ ಅರ್ಥದಲ್ಲಿ ಮಾತಾಡುತ್ತಿರುತ್ತಾರೆ. ಪದವನ್ನು ಮೊದಲೇ ಬಿಡಿಸಿಟ್ಟರೆ ಅರ್ಧ ಬಿಸಿ ಇಳಿಯುತ್ತದೆ.

ಆಮೇಲೆ ಕಾನೂನಿನ ನಿಜವಾದ ಉದಾಹರಣೆಗಳಿಗೆ ಬನ್ನಿ. ಶಾಲೆಯ ಪ್ರಾರ್ಥನೆಯ ಪ್ರಶ್ನೆ ಇದಕ್ಕೆ ಬಹಳ ಒಳ್ಳೆಯದು. ಅಮೆರಿಕದಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಶಾಲೆಗಳಿಗೆ ಸರ್ಕಾರವೇ ಬರೆದುಕೊಟ್ಟ ಪ್ರಾರ್ಥನೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಫ್ರಾನ್ಸ್ 1905ರಲ್ಲಿ ಚರ್ಚನ್ನೂ ಸರ್ಕಾರವನ್ನೂ ಕಾನೂನಿನಿಂದ ಬೇರೆ ಮಾಡಿತು. 2004ರಲ್ಲಿ ಸರ್ಕಾರಿ ಶಾಲೆಯ ವಿದ್ಯಾರ್ಥಿಗಳು ಎದ್ದುಕಾಣುವ ಧಾರ್ಮಿಕ ಗುರುತು ಧರಿಸುವುದನ್ನೂ ನಿಷೇಧಿಸಿತು. ಇಂಗ್ಲೆಂಡಿನಲ್ಲಿ ಇದಕ್ಕೆ ತದ್ವಿರುದ್ಧ. ಸರ್ಕಾರಿ ಅನುದಾನದ ಶಾಲೆಗಳಲ್ಲಿ ದಿನವೂ ಸಾಮೂಹಿಕ ಪ್ರಾರ್ಥನೆ ಇರಬೇಕು ಎಂದು 1944ರ ಕಾಯ್ದೆಯೇ ಹೇಳಿತು. ಬೇಡವೆಂದರೆ ಮಗುವನ್ನು ಹೊರಗಿಡುವ ಹಕ್ಕು ಪೋಷಕರಿಗಿದೆ. ಭಾರತದ ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ. ಸಂವಿಧಾನದ ಪೀಠಿಕೆಗೆ 'ಸೆಕ್ಯುಲರ್' ಎಂಬ ಪದ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಧಾರ್ಮಿಕ ಸ್ವಾತಂತ್ರ್ಯದ 25ರಿಂದ 28ರ ತನಕದ ವಿಧಿಗಳು ಮಾತ್ರ ಮೊದಲಿನಿಂದಲೇ ಇದ್ದವು. ನಾಲ್ಕು ದೇಶ, ನಾಲ್ಕು ದಾರಿ. ಇದನ್ನು ಮುಂದಿಟ್ಟ ಮೇಲೆ ಕೇಳುಗರು "ನಮ್ಮವರು, ನಿಮ್ಮವರು" ಎನ್ನುವುದು ಬಿಟ್ಟು "ಯಾವುದು ನ್ಯಾಯ, ಯಾಕೆ?" ಎನ್ನಲು ಶುರು ಮಾಡುತ್ತಾರೆ.

ನಿರೂಪಕರು ಆರಂಭದಲ್ಲೇ ನಿಯಮ ಓದಿಬಿಡಲಿ: "ಇವತ್ತಿನ ಮಾತು ಸರ್ಕಾರ ಮತ್ತು ಕಾನೂನು ಧರ್ಮದ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದರ ಬಗ್ಗೆ. ಯಾವ ಧರ್ಮ ಒಳ್ಳೆಯದು ಎಂಬುದರ ಬಗ್ಗೆ ಅಲ್ಲ." ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ. ಪರ ವಿರೋಧ ಎಂದು ಇಬ್ಬರನ್ನು ಎದುರುಬದುರು ಕೂರಿಸಬೇಡಿ, ಆಗ ಗೆಲ್ಲುವುದೇ ಮುಖ್ಯವಾಗುತ್ತದೆ. ಚುನಾವಣೆಯ ಹೊತ್ತಿನಲ್ಲಿ ಈ ಉಪನ್ಯಾಸ ಇಡಬೇಡಿ.

*ಇತಿಹಾಸ.* ಇಲ್ಲಿ ಭಾಷಣಕಾರರಿಗೆ ಒಂದೇ ಷರತ್ತು ಹಾಕಿ. ಪ್ರತಿ ಮುಖ್ಯ ಮಾತಿಗೂ "ಇದು ನಮಗೆ ಹೇಗೆ ಗೊತ್ತು?" ಎಂಬುದಕ್ಕೆ ಉತ್ತರ ಇರಬೇಕು. ಅಶೋಕನ ಪ್ರಶ್ನೆ ತೆಗೆದುಕೊಳ್ಳಿ. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿ ಓದಿದಾಗ ಬಂಡೆಗಳ ಮೇಲೆ ಸಿಕ್ಕಿದ್ದು 'ದೇವಾನಂಪಿಯ ಪಿಯದಸಿ' ಎಂಬ ರಾಜ. ಅವನೇ ಅಶೋಕ ಎಂಬ ಊಹೆ ಸಿಂಹಳದ ಗ್ರಂಥಗಳ ಆಧಾರದಿಂದ ಬೇಗನೆ ಬಂತು. ಆದರೆ ಕಲ್ಲಿನ ಮೇಲೆಯೇ 'ದೇವಾನಂಪಿಯ' ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅದನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಒಬ್ಬರು. ಊಹೆಯಿಂದ ಪುರಾವೆಗೆ ಎಷ್ಟು ವರ್ಷ ಹಿಡಿಯಿತು ನೋಡಿ. ಈ ನಡುವಿನ ದಾರಿಯನ್ನು ಹೇಳಿದರೆ ಕೇಳುಗರು ಇತಿಹಾಸ ಓದುವ ರೀತಿಯನ್ನೇ ಕಲಿಯುತ್ತಾರೆ.

ಹಿರಿಯರ ನೆನಪುಗಳನ್ನು ಸೇರಿಸುವುದಾದರೆ ಅದನ್ನು ನೆನಪು ಎಂದೇ ಕರೆಯಿರಿ. ಯಾರು, ಯಾವಾಗ, ಯಾರಿಗೆ ಹೇಳಿದ್ದು ಎಂದು ಬರೆದಿಡಿ. ವಂಶದ ಹೊಗಳಿಕೆಗೆ ತಿರುಗಿದರೆ ನಿರೂಪಕರು ಮೆಲ್ಲಗೆ ಪ್ರಶ್ನೆಗೆ ಎಳೆದು ತರಬೇಕು.

*ಫೋಟೋಗ್ರಫಿ.* ಇನ್ನೂರು ಚಿತ್ರ ತೋರಿಸುವುದು ಇಲ್ಲಿನ ಮಾಮೂಲಿ ರೋಗ. ಇಪ್ಪತ್ತೈದಕ್ಕೆ ನಿಲ್ಲಿಸಿ. 2003ರಲ್ಲಿ ಟೋಕಿಯೋದಲ್ಲಿ ಶುರುವಾದ ಪೆಚಾ ಕುಚಾ ಎಂಬ ಪದ್ಧತಿಯಲ್ಲಿ 20 ಚಿತ್ರ, ಒಂದೊಂದಕ್ಕೆ 20 ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್. ಹವ್ಯಾಸಿಗಳು ಐದಾರು ಜನ ಇದ್ದರೆ ಒಬ್ಬೊಬ್ಬರಿಗೆ ಹೀಗೆ ಕೊಟ್ಟು ಒಂದು ಸಂಜೆ ಮಾಡಬಹುದು.

ಒಬ್ಬರೇ ಮಾತಾಡುವುದಾದರೆ, ಒಂದು ಚಿತ್ರದ ಮೇಲೆ ಐದು ನಿಮಿಷ ನಿಲ್ಲಲು ಹೇಳಿ. ಫೋಟೋ ತೆಗೆಯುವ ಮೊದಮೊದಲ ವಿಧಾನವೊಂದನ್ನು ಕಂಡುಹಿಡಿದ ಫ್ರಾನ್ಸಿನ ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದರು. ಗಾಡಿ, ಜನ ಓಡಾಡುವ ಬೀದಿ ಅದು. ಚಿತ್ರದಲ್ಲಿ ಮಾತ್ರ ಬೀದಿ ಖಾಲಿ. ಎಡಗಡೆಯ ಮೂಲೆಯಲ್ಲಿ ಒಬ್ಬ ಮನುಷ್ಯ ಕಾಲು ಮುಂದಿಟ್ಟು ನಿಂತಿದ್ದಾನೆ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದಾನೆ. ಆಗ ಚಿತ್ರ ಮೂಡುವ ಫಲಕಕ್ಕೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು. ನಡೆಯುತ್ತಿದ್ದವರು ಯಾರೂ ಅಚ್ಚಾಗಲಿಲ್ಲ, ನಿಂತವನು ಉಳಿದ. ಇದನ್ನು ದೊಡ್ಡದಾಗಿ ತೋರಿಸಿ, ಏನೂ ಹೇಳದೆ "ಇಲ್ಲಿ ಯಾರಾದರೂ ಇದ್ದಾರಾ ನೋಡಿ" ಅನ್ನಲಿ. ಇಡೀ ಹಾಲ್ ಮುಂದಕ್ಕೆ ಬಾಗುತ್ತದೆ. ಶಟರ್ ವೇಗ, ಅಂದರೆ ಬೆಳಕು ಒಳಗೆ ಬೀಳುವ ಅವಧಿ, ಏನು ಮಾಡುತ್ತದೆ ಎಂಬುದನ್ನು ಆಮೇಲೆ ಮತ್ತೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

5. ಕೋಣೆ, ದನಿ, ಪರದೆ

ದೊಡ್ಡ ಹಾಲ್ ಬೇಡ. ನಲವತ್ತು ಜನ ನಲವತ್ತು ಕುರ್ಚಿಯ ಕೋಣೆಯಲ್ಲಿ ಕೂತರೆ ತುಂಬಿದ ಸಭೆ. ಅದೇ ನಲವತ್ತು ಜನ ಮುನ್ನೂರು ಕುರ್ಚಿಯ ಹಾಲ್‌ನಲ್ಲಿ ಅಲ್ಲೊಬ್ಬ ಇಲ್ಲೊಬ್ಬ. ಎಷ್ಟು ಜನ ಬರಬಹುದು ಅನ್ನಿಸುತ್ತದೋ ಅದಕ್ಕಿಂತ ಕಡಿಮೆ ಕುರ್ಚಿ ಹಾಕಿ, ಉಳಿದದ್ದನ್ನು ಬದಿಯಲ್ಲಿ ಇಟ್ಟುಕೊಂಡಿರಿ. ಮೆಟ್ಟಿಲು ಹತ್ತಲಾಗದವರು, ಗಾಲಿಕುರ್ಚಿಯವರು ಬರಬಹುದಾದ ಜಾಗವೇ ಇರಲಿ.

ಜಾಗ ಗೊತ್ತು ಮಾಡುವ ಮುಂಚೆ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆಯಿರಿ. ದನಿ ಗುಂಯ್ ಎಂದು ಎಳೆದರೆ ಅಲ್ಲಿ ಮಾತು ಕಲಸಿಹೋಗುತ್ತದೆ. ಪರದೆ, ದಪ್ಪ ಬಟ್ಟೆ, ಜಮಖಾನ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ.

ಮೈಕ್ ಕಿರುಚುವುದು ಏಕೆ ಗೊತ್ತಾ? ಸ್ಪೀಕರಿನಿಂದ ಬಂದ ದನಿ ಮತ್ತೆ ಮೈಕಿಗೆ ಹೋಗಿ, ದೊಡ್ಡದಾಗಿ, ಮತ್ತೆ ಮೈಕಿಗೆ ಹೋಗುತ್ತಾ ಸುತ್ತುತ್ತದೆ. ಸ್ಪೀಕರುಗಳನ್ನು ಭಾಷಣಕಾರರಿಗಿಂತ ಮುಂದೆ, ಸಭಿಕರ ಕಡೆ ಮುಖ ಮಾಡಿ ಇಟ್ಟರೆ ಬಹುಪಾಲು ಸರಿಹೋಗುತ್ತದೆ. ಕೈ ಮೈಕನ್ನು ಬಾಯಿಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿಯಬೇಕು. "ನನ್ನ ದನಿ ದೊಡ್ಡದು, ಮೈಕ್ ಬೇಡ" ಎನ್ನುವವರಿಗೂ ಮೈಕ್ ಕೊಡಿ. ಹಿಂದಿನ ಸಾಲಿನಲ್ಲಿ ಕಿವಿ ಮಂದ ಇರುವ ಹಿರಿಯರು ಇರುತ್ತಾರೆ, ಅವರು ಕೈ ಎತ್ತಿ ಹೇಳುವುದಿಲ್ಲ.

ಪರದೆಯ ಎತ್ತರದ ಆರು ಪಟ್ಟಿಗಿಂತ ದೂರದಲ್ಲಿ ಯಾರೂ ಕೂರದಂತೆ ನೋಡಿ. ಅಕ್ಷರ 28 ಪಾಯಿಂಟಿಗಿಂತ ಚಿಕ್ಕದಾಗದಿರಲಿ. ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಧ್ವನಿಯ ತಂತಿ ಮೂರನ್ನೂ ಒಟ್ಟಿಗೆ ಜೋಡಿಸಿ ಹಿಂದಿನ ದಿನವೇ ನೋಡಿ. ಒಮ್ಮೆ ನಾವು ಚಿತ್ರ ಬಂತು ಅಂತ ನಿಶ್ಚಿಂತೆಯಿಂದ ಇದ್ದೆವು. ಧ್ವನಿಯ ತಂತಿ ಇರಲಿಲ್ಲ. ಕಪ್ಪೆಗಳ ಕೂಗಿನ ಉಪನ್ಯಾಸ ಅದು. ಫೋನನ್ನು ಮೈಕಿಗೆ ಹಿಡಿದು ಕೇಳಿಸಬೇಕಾಯಿತು. ಅಂದಿನಿಂದ ಒಂದು ಚೀಲದಲ್ಲಿ ಎಚ್‌ಡಿಎಂಐ ತಂತಿ, ಹೊಸ ಲ್ಯಾಪ್‌ಟಾಪ್‌ಗೆ ಬೇಕಾದ ಯುಎಸ್‌ಬಿ-ಸಿ ಜೋಡಕ, ಧ್ವನಿಯ ತಂತಿ, ಎಕ್ಸ್‌ಟೆನ್ಷನ್ ಬೋರ್ಡ್, ಮೈಕಿನ ಬ್ಯಾಟರಿ, ಪೆನ್ ಡ್ರೈವ್ ಸದಾ ಇರುತ್ತವೆ. ಸ್ಲೈಡುಗಳ ಪಿಡಿಎಫ್ ಪ್ರತಿಯನ್ನೂ ತರಿಸಿಕೊಳ್ಳಿ. ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡ ಅಕ್ಷರ ಚೆಲ್ಲಾಪಿಲ್ಲಿಯಾಗುವುದು ಇದರಿಂದ ತಪ್ಪುತ್ತದೆ.

6. ಪ್ರಕಟಣೆ

ಮೇಲುಗಡೆ ದೊಡ್ಡದಾಗಿ ಪ್ರಶ್ನೆ. ಕೆಳಗೆ ಭಾಷಣಕಾರರು ಯಾರು ಎಂದು ಒಂದು ಸಾಲು, ದಿನ, ಶುರುವಾಗುವ ಮತ್ತು ಮುಗಿಯುವ ಸಮಯ, ಜಾಗ, ಪ್ರವೇಶ ಉಚಿತವೇ, ಮಕ್ಕಳು ಬರಬಹುದೇ. ಮುಗಿಯುವ ಸಮಯ ಹಾಕಿದರೆ ಬರುವವರ ಸಂಖ್ಯೆ ಹೆಚ್ಚುತ್ತದೆ. ಮನೆಗೆ ಎಷ್ಟು ಹೊತ್ತಿಗೆ ಮರಳಬಹುದು ಅಂತ ಗೊತ್ತಾದರೆ ಜನ ಧೈರ್ಯವಾಗಿ ಹೊರಡುತ್ತಾರೆ. ಹತ್ತು ದಿನ ಮುಂಚೆ ಒಮ್ಮೆ, ಹಿಂದಿನ ದಿನ ಒಮ್ಮೆ ಕಳಿಸಿ, ಸಾಕು. ದಿನಾ ಕಳಿಸಿದರೆ ಓದುವುದು ಬಿಡುತ್ತಾರೆ. ಗ್ರಂಥಾಲಯದ ಗೋಡೆಗೂ ಒಂದು ಕಾಗದ ಅಂಟಿಸಿ. ಫೋನಿನ ಗುಂಪುಗಳಲ್ಲಿ ಇಲ್ಲದವರು ಅದನ್ನು ನೋಡಿ ಬರುತ್ತಾರೆ.

7. ಆ ಸಂಜೆ

ಹೇಳಿದ ಸಮಯಕ್ಕೇ ಶುರು ಮಾಡಿ. ಐದು ಜನ ಇದ್ದರೂ ಶುರು ಮಾಡಿ. "ಇನ್ನೂ ಜನ ಬರಲಿ" ಎಂದು ಕಾದರೆ ಸಮಯಕ್ಕೆ ಬಂದವರಿಗೆ ಶಿಕ್ಷೆ ಕೊಟ್ಟ ಹಾಗೆ. ಮುಂದಿನ ಸಲ ಅವರೂ ತಡವಾಗಿ ಬರುತ್ತಾರೆ.

ಸ್ವಾಗತ, ಪರಿಚಯ, ವಂದನೆ ಮೂರೂ ಸೇರಿ ಐದು ನಿಮಿಷ. ಪರಿಚಯದಲ್ಲಿ ಪ್ರಶಸ್ತಿಗಳ ಪಟ್ಟಿ ಓದಬೇಡಿ. ಈ ಪ್ರಶ್ನೆಗೆ ಇವರೇ ಯಾಕೆ ಉತ್ತರ ಹೇಳಬೇಕು ಎಂದು ಎರಡು ವಾಕ್ಯ ಹೇಳಿ. ಮುಂದಿನ ಸಾಲಿನಲ್ಲಿ ಒಬ್ಬರು "10", "5", "ಮುಗಿಸಿ" ಎಂದು ಬರೆದ ಮೂರು ಹಾಳೆ ಹಿಡಿದು ಕೂರಲಿ. ಇದನ್ನು ಭಾಷಣಕಾರರಿಗೆ ಮೊದಲೇ ತಿಳಿಸಿರಿ.

ಪ್ರಶ್ನೋತ್ತರದಲ್ಲೇ ಎಷ್ಟೋ ಉಪನ್ಯಾಸಗಳು ಕೆಡುತ್ತವೆ. ಮಾತು ಮುಗಿದ ತಕ್ಷಣ "ಪ್ರಶ್ನೆ ಇದೆಯೇ?" ಎಂದರೆ ಮೌನ. ಆ ಮೌನ ಮುರಿಯುವವರು ಸಾಮಾನ್ಯವಾಗಿ ಪ್ರಶ್ನೆ ಕೇಳದೆ ಇನ್ನೊಂದು ಭಾಷಣ ಮಾಡುವವರು. ಅದರ ಬದಲು "ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿ, ನಿಮಗೆ ಉಳಿದ ಪ್ರಶ್ನೆ ಒಂದನ್ನು ಹುಡುಕಿ" ಎನ್ನಿ. ಕೋಣೆ ಗಿಜಿಗುಡಲು ಶುರುವಾಗುತ್ತದೆ. ಆಮೇಲೆ ಮೊದಲ ಮೈಕನ್ನು ಮಗುವಿಗೋ, ಹಿಂದೆ ಕೂತ ಯಾರಿಗೋ ಕೊಡಿ. ಪ್ರತಿ ಪ್ರಶ್ನೆಯನ್ನೂ ನಿರೂಪಕರು ಮೈಕಿನಲ್ಲಿ ಮತ್ತೊಮ್ಮೆ ಹೇಳಲಿ. ಎಲ್ಲರಿಗೂ ಕೇಳಿಸುತ್ತದೆ, ಉದ್ದ ಪ್ರಶ್ನೆ ಚಿಕ್ಕದಾಗುತ್ತದೆ, ಭಾಷಣಕಾರರಿಗೆ ಯೋಚಿಸಲು ಹತ್ತು ಸೆಕೆಂಡ್ ಸಿಗುತ್ತದೆ. ಯಾರಾದರೂ ಮೈಕ್ ಬಿಡದಿದ್ದರೆ "ನಿಮ್ಮ ಪ್ರಶ್ನೆ ಇದು ಅಂತ ತಿಳಿದುಕೊಳ್ಳಲೇ?" ಎಂದು ನೀವೇ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಇದರಲ್ಲಿ ಒರಟುತನ ಏನೂ ಇಲ್ಲ.

"ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎಂದು ಭಾಷಣಕಾರರು ಹೇಳಿದರೆ ಅದನ್ನು ಬರೆದುಕೊಳ್ಳಿ. ಉತ್ತರ ಬಂದ ಮೇಲೆ ಮುಂದಿನ ಪ್ರಕಟಣೆಯ ಕೊನೆಗೆ ಸೇರಿಸಿ. ಜನ ಇದನ್ನು ಗಮನಿಸುತ್ತಾರೆ.

8. ಮುಗಿದ ಮೇಲೆ

ರೆಕಾರ್ಡಿಂಗ್ ಹಾಕುವ ಮುಂಚೆ ಭಾಷಣಕಾರರ ಒಪ್ಪಿಗೆ ಬರಹದಲ್ಲಿರಲಿ. ಸ್ಲೈಡಿನಲ್ಲಿ ಬೇರೆಯವರ ಫೋಟೋ ಇದ್ದರೆ ಅವರ ಹೆಸರು ಹಾಕಿ, ಅನುಮತಿ ಇಲ್ಲದಿದ್ದರೆ ಆ ಭಾಗ ತೆಗೆಯಿರಿ. ಸಭಿಕರ, ಅದರಲ್ಲೂ ಮಕ್ಕಳ ಮುಖ ಬಾರದ ಹಾಗೆ ಕ್ಯಾಮೆರಾ ಇಡಿ. ಜಾತ್ಯತೀತತೆಯ ಉಪನ್ಯಾಸದಲ್ಲಿ ಪ್ರಶ್ನೋತ್ತರವನ್ನು ರೆಕಾರ್ಡ್ ಮಾಡದಿರುವುದೇ ಒಳ್ಳೆಯದು. ಯಾರದೋ ಒಂದು ವಾಕ್ಯ ತುಂಡಾಗಿ ಎಲ್ಲೆಲ್ಲೋ ಓಡಾಡುವ ಭಯ ಇಲ್ಲದಿದ್ದರೆ ಜನ ಮನಸ್ಸು ಬಿಚ್ಚಿ ಕೇಳುತ್ತಾರೆ.

ಈಗ ಆ ನೋಟ್‌ಬುಕ್ಕಿಗೆ ಬರೋಣ. ಅದರಲ್ಲಿ ಹಾಜರಿ ಬರೆಸಬೇಡಿ, ಪ್ರಶ್ನೆ ಬರೆಸಿ. ಬಾಗಿಲ ಹತ್ತಿರ ಒಂದು ಮೇಜಿನ ಮೇಲೆ ಪೆನ್ನಿನ ಜೊತೆ ಇಡಿ. ಪುಟದ ಮೇಲೆ "ಮುಂದೆ ಯಾವ ಪ್ರಶ್ನೆಗೆ ಉತ್ತರ ಬೇಕು?" ಎಂದಷ್ಟೇ ಬರೆದಿರಲಿ. ಮೊದಲ ಎರಡು ತಿಂಗಳು ಮೂರೋ ನಾಲ್ಕೋ ಸಾಲು ಬರುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿ ಉಪನ್ಯಾಸ ಮಾಡಿ, ಪ್ರಕಟಣೆಯಲ್ಲಿ "ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ" ಎಂದು ಹಾಕಿ. ಆಮೇಲೆ ಪುಟಗಳು ತುಂಬತೊಡಗುತ್ತವೆ. ಮೊದಲ ಆರು ತಿಂಗಳ ಪಟ್ಟಿ ನೀವು ಮೂವರು ಹಾಕಿದ್ದು. ಎರಡನೇ ಆರು ತಿಂಗಳ ಪಟ್ಟಿ ಈ ಪುಸ್ತಕದಿಂದಲೇ ಬರಲಿ.

ಮನೆಗೆ ಹೋಗುವ ಮುಂಚೆ ಮೂವರೂ ಹತ್ತು ನಿಮಿಷ ಕೂತು ಏನು ಕೆಟ್ಟಿತು ಎಂದು ಅದೇ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಿರಿ. ನಾಳೆಗೆ ಮರೆತುಹೋಗುತ್ತದೆ. ತಂತಿಗಳ ಚೀಲವನ್ನು ಅಲ್ಲೇ ಎಣಿಸಿ ತುಂಬಿಕೊಂಡು ಹೊರಡಿ.